ಕುಂಟುವ ಕುದುರೆಗೆ ಬೇಕಿರುವುದು ಚಾಟಿಯಲ್ಲ

ಮಾನ್ಯರೇ,

ಸೇನೆಯ ಅಶ್ವಶಾಲೆಯಲ್ಲಿ ಹದಿನೆಂಟು ವರ್ಷ ಕುದುರೆಗಳ ಕಾಲು ತಿಕ್ಕಿ ನಿವೃತ್ತನಾದವನು ನಾನು. ಕಳೆದ ಭಾನುವಾರ ಕಾರವಾರದ ಕಡಲತೀರದಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಕಂದು ಕುದುರೆಯೊಂದು ಎಡ ಮುಂಗಾಲು ಊರಿದಾಗಲೆಲ್ಲ ತಲೆ ಮೇಲೆತ್ತುತ್ತಿತ್ತು. ಕೇಳಿಕೊಂಡು ಮುಟ್ಟಿ ನೋಡಿದೆ. ಮಂಡಿಯ ಕೆಳಗೆ, ಹಿಂಬದಿಯ ಸ್ನಾಯುರಜ್ಜು (ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹಗ್ಗದಂಥ ಪಟ್ಟಿ) ಬಿಲ್ಲಿನಂತೆ ಉಬ್ಬಿ ಬಿಸಿಯಾಗಿತ್ತು. ‘ಇದು ಸೋಮಾರಿ ಸರ್’ ಎಂದ, ಹಗ್ಗ ಹಿಡಿದಿದ್ದ ಹುಡುಗ.

ಸೋಮಾರಿತನವಲ್ಲ, ನೋವು. ಕುದುರೆಯ ಭಾರದಲ್ಲಿ ಸುಮಾರು ಶೇ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಮಂಡಿಯ ಕೆಳಗೆ ಮಾಂಸಖಂಡವೆಂಬುದೇ ಇಲ್ಲ. ಎಲುಬು, ರಜ್ಜು, ತೊಗಲು ಅಷ್ಟೆ. ಓಟದ ಕುದುರೆಗಳು ಹೆಚ್ಚಾಗಿ ಪೆಟ್ಟು ತಿನ್ನುವುದೂ ಇಲ್ಲಿಯೇ. ರಜ್ಜುವಿನ ಹರಿದ ಎಳೆ ಕೂಡಲು 9ರಿಂದ 12 ತಿಂಗಳು ಬೇಕು. ಕೂಡಿದರೂ ಮೊದಲಿನ ಹಿಗ್ಗುವ ಗುಣ ಮರಳುವುದಿಲ್ಲ. ಊತ ಇಳಿಯಿತೆಂದು ಹದಿನೈದೇ ದಿನಕ್ಕೆ ಜೀನು ಹಾಕಿದರೆ ಅದೇ ಜಾಗ ಮತ್ತೆ ಹರಿಯುತ್ತದೆ.

ಸಡಿಲ ಮರಳಿನಲ್ಲಿ ಗೊರಸು ಹೂತು ರಜ್ಜು ಜಗ್ಗುತ್ತದೆ. ಅಲೆ ಸರಿದ ಗಟ್ಟಿ ಹಸಿ ಮರಳು ವಾಸಿ. ಪೆಟ್ಟಾದ ದಿನವೇ ಮಂಜುಗಡ್ಡೆಯ ನೀರಿನಲ್ಲಿ ಇಪ್ಪತ್ತು ನಿಮಿಷ ಕಾಲು ತಣಿಸಬೇಕು. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಬಂಗುಡೆಗೆ ಸಿಗುವಷ್ಟು ಮಂಜುಗಡ್ಡೆಯ ಉಪಚಾರವೂ ಈ ಕುದುರೆಗಿಲ್ಲ!

ಸವಾರಿಗೆ ಪರವಾನಗಿ ನೀಡುವವರು ಮೂರು ತಿಂಗಳಿಗೊಮ್ಮೆ ಪಶುವೈದ್ಯರಿಂದ ಕಾಲುಗಳ ತಪಾಸಣೆ ಕಡ್ಡಾಯಗೊಳಿಸಲಿ. ದಪ್ಪನೆಯ ಪ್ರವಾಸಿಗರನ್ನು ಹತ್ತಿಸುವುದಂತೂ ನಿಲ್ಲಲಿ. ಆ ಹುಡುಗನಿಗೆ ಇದನ್ನೆಲ್ಲ ಹೇಳಿ ಬಂದೆ. ನಾನು ರಸ್ತೆ ದಾಟುವಷ್ಟರಲ್ಲಿ ಕುದುರೆಯ ಮೇಲೆ ಇನ್ನೊಬ್ಬರು ಕುಳಿತಿದ್ದರು.

– ನಿವೃತ್ತ ಸೈನಿಕ, ಕೋಡಿಬಾಗ, ಕಾರವಾರ