ಕಬ್ಬಿನ ಹೊಲದ ಕಲ್ಲುಗುಡ್ಡೆಗಳು: ಬ್ಯಾಡಗಿಯ ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರೀತಿಯ ಗೆಳೆಯಾ,

ನೀನು ಅಪ್ಪ, ಅವ್ವನನ್ನು ಮಾರಿಷಸ್‌ಗೆ ಕರೆದುಕೊಂಡು ಹೋಗುವುದು ಗಟ್ಟಿಯಾಯಿತೆಂದು ವೈನಿ ಫೋನಿನಲ್ಲಿ ಹೇಳಿದರು. ಸಂತೋಷವಾಯಿತು. ಬಸ್ಸು ತುಂಬ ಜನರೊಂದಿಗೆ ಸುತ್ತುವ ಬದಲು ನಮ್ಮದೇ ಕಾರು, ನಮ್ಮವನೇ ಒಬ್ಬ ಗೈಡ್ ಎಂದು ಒಂದು ದಿನಕ್ಕೆ ಮಾಡಿಕೊಂಡರೆ ಕೊಟ್ಟ ದುಡ್ಡು ದಕ್ಕುತ್ತದೆಯೇ ಎಂದು ಕೇಳಿದ್ದೀ. ದಕ್ಕುತ್ತದೆ. ಆದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ನಿನ್ನ ಕೈಯಲ್ಲಿರಬೇಕು. ಇಳಿಸಿದಲ್ಲಿ ಇಳಿದು, ಹತ್ತು ಎಂದಾಗ ಹತ್ತುವುದಾದರೆ ಬಸ್ಸೇ ವಾಸಿ.

ನಕ್ಷೆ ನೋಡಿ ಇಡೀ ದ್ವೀಪವನ್ನು ಒಂದೇ ದಿನದಲ್ಲಿ ಸುತ್ತುವ ಆಸೆ ಇಟ್ಟುಕೊಳ್ಳಬೇಡ. ಉದ್ದ ಸುಮಾರು 65 ಕಿಲೋಮೀಟರ್, ಅಗಲ 45. ನಮ್ಮ ಧಾರವಾಡ ಜಿಲ್ಲೆಯ ಅರ್ಧದಷ್ಟೂ ಇಲ್ಲ, ನಿಜ. ಆದರೂ ಗುಡ್ಡದ ದಾರಿಗಳು ಕಿರಿದು, ರಾಜಧಾನಿ ಪೋರ್ಟ್ ಲೂಯಿ ಸುತ್ತಮುತ್ತ ವಾಹನಗಳ ಸಾಲು ಬೇರೆ. ಒಂದೇ ದಿನ ಇರುವುದಾದರೆ ಕಣ್ಣು ಮುಚ್ಚಿ ನೈಋತ್ಯ ಭಾಗವನ್ನು ಆರಿಸಿಕೋ.

ನಾವು ಹೀಗೆ ಕಾರು ಮಾಡಿಕೊಂಡು ಅಲ್ಲಿ ಸುತ್ತಿದ ದಿನ ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿದ ಜಾಗ ಯಾವ ಪಟ್ಟಿಯಲ್ಲೂ ಇರಲಿಲ್ಲ. ರಸ್ತೆಯ ಎರಡೂ ಬದಿ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಕರಿಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳು. ಹೊಲದ ನಟ್ಟನಡುವೆ ಇಷ್ಟು ಜಾಗ ಹಾಳು ಮಾಡಿ ಕಲ್ಲು ಯಾಕೆ ಒಟ್ಟಿದ್ದಾರೆ ಎಂದು ಕಾರು ನಿಲ್ಲಿಸಲು ಹೇಳಿದೆ. ಚಾಲಕರೇ ನಮ್ಮ ಗೈಡ್, ಅರವತ್ತು ದಾಟಿದವರು, ಭೋಜಪುರಿ ಬೆರೆತ ಹಿಂದಿಯಲ್ಲಿ ಮಾತನಾಡುತ್ತಿದ್ದರು. ಅದುವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದವರು ಅಲ್ಲಿ ಇಳಿದು ನಿಜವಾಗಿ ಮಾತು ಶುರು ಮಾಡಿದರು. ಜ್ವಾಲಾಮುಖಿಯಿಂದ ಎದ್ದ ನೆಲ. ಮಣ್ಣಿಗಿಂತ ಕಲ್ಲೇ ಹೆಚ್ಚು. 1835ರಲ್ಲಿ ಗುಲಾಮಗಿರಿ ರದ್ದಾಯಿತು. ಅದಕ್ಕೆ ಹಿಂದಿನ ವರ್ಷದಿಂದಲೇ ಕರಾರಿನ ಮೇಲೆ ಭಾರತದಿಂದ ಕೂಲಿಗಳನ್ನು ಹಡಗಿನಲ್ಲಿ ತರಲು ಆರಂಭಿಸಿದ್ದರು. ಮುಂದೆ ಹೀಗೆ ಬಂದವರು ಹತ್ತಿರ ಹತ್ತಿರ 5 ಲಕ್ಷ. ಹೊಲದ ಕಲ್ಲನ್ನು ಕೈಯಿಂದಲೇ ಆರಿಸಿ ಒಟ್ಟಿದವರಲ್ಲಿ ತಮ್ಮ ಮುತ್ತಜ್ಜನೂ ಒಬ್ಬರು, ಬಿಹಾರದಿಂದ ಬಂದವರು ಎಂದರು. ಒಂದು ಕಲ್ಲು ಎತ್ತಿ ನೋಡಿದೆ. ಮೈತುಂಬ ಸಣ್ಣ ತೂತು, ಲಾವಾದೊಳಗಿನ ಗಾಳಿಗುಳ್ಳೆಗಳ ಗುರುತು. ಅಂಗೈ ತರಚುವಷ್ಟು ಒರಟು. ಇಡೀ ದಿನ ಇದನ್ನು ಹೊತ್ತವರ ಕೈ ಹೇಗಿದ್ದಿರಬೇಕು, ನೀನೇ ಲೆಕ್ಕ ಹಾಕು, ಒಕ್ಕಲುತನದವನು ನೀನು.

ಇನ್ನೊಂದು ಮಾತು, ನಿಮ್ಮಪ್ಪನಿಗೆ ಹಿಡಿಸುವಂಥದ್ದು. ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲು ಇದೆಯಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆ ಲಾವಾವನ್ನು ಉಕ್ಕಿಸಿದ ಭೂಗರ್ಭದ ಬಿಸಿತಾಣವೇ ಬಹಳ ಕಾಲದ ಮೇಲೆ ಮಾರಿಷಸ್ಸನ್ನೂ ಎಬ್ಬಿಸಿತು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ನೆಲ ಉತ್ತರಕ್ಕೆ ಸರಿದು ಬಂತು, ಬೆಂಕಿ ಅಲ್ಲೇ ಉಳಿಯಿತು. ಈಗ ಅದು ಪಕ್ಕದ ರೆಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿ ಇಂದಿಗೂ ಜ್ವಾಲಾಮುಖಿ ಉಗುಳುತ್ತಲೇ ಇರುತ್ತದೆ.

ನೈಋತ್ಯದ ಶಮರೆಲ್ ಎಂಬ ಊರಿನ ಏಳು ಬಣ್ಣದ ಮಣ್ಣು ಕೂಡ ಅದೇ ಕಲ್ಲು ಕೊಳೆತು ಆದದ್ದು. ಉಳಿದದ್ದೆಲ್ಲ ಮಳೆಗೆ ಕರಗಿ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ನಿಂತಿವೆ. ಕೆಂಪು, ಕಂದು, ನೇರಳೆ ಎಲ್ಲ ಅದರಿಂದಲೇ. ಫೋಟೋಗಳಲ್ಲಿ ಕಾಣುವಷ್ಟು ಢಾಳಾಗಿಲ್ಲ. ಬೇಲಿಯ ಹೊರಗೆ ನಿಂತು ನೋಡಬೇಕು, ಬಿಸಿಲಿದ್ದರೆ ಚೆಂದ. ಅರ್ಧ ಗಂಟೆ ಸಾಕು.

ಉಳಿಸಿದ ಹೊತ್ತನ್ನು ಗಂಗಾ ತಲಾವ್‌ಗೆ ಕೊಡು. ಗುಡ್ಡದ ಮೇಲಿನ ಜ್ವಾಲಾಮುಖಿ ಬಾಯಲ್ಲಿ ನಿಂತ ಕೆರೆ. 1972ರಲ್ಲಿ ಗಂಗೆಯ ನೀರು ತಂದು ಅದಕ್ಕೆ ಬೆರೆಸಿದರು. ಶಿವರಾತ್ರಿಗೆ ದ್ವೀಪದ ಮೂಲೆಮೂಲೆಯಿಂದ ಜನ ಬಿಳಿ ಬಟ್ಟೆಯುಟ್ಟು, ಕಾವಡಿ ಹೊತ್ತು ನಡೆದೇ ಬರುತ್ತಾರೆ. ದಾರಿಯ ಬದಿಯ 33 ಮೀಟರಿನ ಶಿವನ ಮೂರ್ತಿಯ ಎದುರು ಫೋಟೋ ತೆಗೆಸಿ ಹೊರಡಿಸುವುದು ಬಸ್ಸಿನವರ ಪದ್ಧತಿ. ಅವ್ವ ನೀರಿನ ಹತ್ತಿರ ಮೆಟ್ಟಿಲ ಮೇಲೆ ಕೂರಲಿ, ಎಷ್ಟು ಹೊತ್ತಾದರೂ. ಪ್ರಸಾದ ಮಾತ್ರ ಕೈಯಲ್ಲಿ ಹಿಡಿದು ಓಡಾಡಬಾರದು, ಮಂಗಗಳು ಬಿಡುವುದಿಲ್ಲ.

ಊಟಕ್ಕೆ ಗೈಡ್ ತೋರಿಸುವ ಹೋಟೆಲು ಬೇಡ. ರಸ್ತೆ ಬದಿಯ ದಾಲ್ ಪುರಿ ಕೇಳು. ಬೆಲ್ಲ ಹಾಕದ ಹೂರಣದ ಹೋಳಿಗೆ ಎಂದುಕೋ: ಬೇಯಿಸಿ ಪುಡಿ ಮಾಡಿದ ಬೇಳೆಯನ್ನು ಒಳಗಿಟ್ಟು ತೆಳ್ಳಗೆ ಲಟ್ಟಿಸಿ ಬೇಯಿಸಿರುತ್ತಾರೆ. ಎರಡನ್ನು ಜೋಡಿಸಿ, ಕಾಳಿನ ಪಲ್ಯ, ಟೊಮೆಟೊ ಗೊಜ್ಜು ಹಚ್ಚಿ, ಸುತ್ತಿ ಕಾಗದದಲ್ಲಿ ಕೊಡುತ್ತಾರೆ. ಖಾರ ಹಾಕಲೇ ಎಂದು ಕೇಳಿದಾಗ ಬ್ಯಾಡಗಿಯ ಜಂಬ ತೋರಿಸಬೇಡ. ನಿಮ್ಮೂರಿನ ಮೆಣಸಿನಕಾಯಿಗೆ ಬಣ್ಣದಿಂದ ಹೆಸರು. ಅವರದು ಸಣ್ಣದು, ಕಣ್ಣಲ್ಲಿ ನೀರು ತರಿಸುತ್ತದೆ.

ಸಂಜೆಗೆ ಲೆ ಮೋರ್ನ್ ತೀರ. ಕಡಲಿಗೆ ಅಂಟಿಕೊಂಡೇ 556 ಮೀಟರ್ ಎತ್ತರದ ಬಂಡೆಗುಡ್ಡ. ತಪ್ಪಿಸಿಕೊಂಡ ಗುಲಾಮರು ಅದರ ಗವಿಗಳಲ್ಲಿ, ನೆತ್ತಿಯ ಮೇಲೆ ಅಡಗಿರುತ್ತಿದ್ದರು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹತ್ತುವ ಯೋಚನೆ ನಿನಗೆ ಬೇಡ, ಮೊಣಕಾಲು ನೋವಿನ ಅಪ್ಪ ಜೊತೆಗಿರುತ್ತಾರೆ. ಕೆಳಗೆ ಕೂತು ನೋಡಿದರೂ ಆಗುತ್ತದೆ.

ಈಗ ವ್ಯವಹಾರದ ಮಾತು. ಹಿಂದಿನ ದಿನವೇ ಕೇಳಿ ಗಟ್ಟಿ ಮಾಡಿಕೋ: ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಪ್ರವೇಶ ಶುಲ್ಕ ಅದರಲ್ಲೇ ಸೇರಿದೆಯೇ, ಹೇಳಿದ ದರ ಯೂರೋದ್ದೋ ಅಲ್ಲಿಯ ರೂಪಾಯಿಯದ್ದೋ. ಅಲ್ಲಿಯದೂ ರೂಪಾಯಿಯೇ, ಆದರೆ ಬೆಲೆ ನಮ್ಮದಕ್ಕಿಂತ ಹೆಚ್ಚು. ಪುಟ್ಟ ಹಡಗಿನ ಮಾದರಿಗಳ ಅಂಗಡಿ, ಬಟ್ಟೆಯ ಅಂಗಡಿ ಎಂದು ತಿರುಗಿಸುವ ಚಾಳಿ ಅಲ್ಲೂ ಉಂಟು. ಅಂಗಡಿ ಬೇಡವೆಂದು ಬೆಳಿಗ್ಗೆಯೇ ನಯವಾಗಿ ಹೇಳಿಬಿಡು. ಮಧ್ಯಾಹ್ನ ಗೈಡನ್ನೂ ಊಟಕ್ಕೆ ಕರೆ.

ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಕಾಟ ಹೆಚ್ಚು. ಜೂನ್ ನಂತರ ಹೋದರೆ ಅಲ್ಲಿ ಚಳಿಗಾಲ, ಕಬ್ಬು ಕಡಿಯುವ ಕಾಲವೂ ಹೌದು. ಗಂಗಾ ತಲಾವ್ ಕಡೆ ಮಂಜು, ತಣ್ಣನೆಯ ಗಾಳಿ. ಅವ್ವನಿಗೆ ಸ್ವೆಟರ್ ಇರಲಿ. ದಿನಾಂಕ ಗೊತ್ತಾದ ಕೂಡಲೇ ತಿಳಿಸು. ನಮ್ಮನ್ನು ಸುತ್ತಿಸಿದವರಿಗೆ ಆ ದಿನ ಬಿಡುವಿದೆಯೇ ಎಂದು ನಾನೇ ಫೋನ್ ಮಾಡಿ ಕೇಳುತ್ತೇನೆ.

ನಿನ್ನ ಗೆಳೆಯ