ಇಲ್ಲಿನ ಗ

ಆತ್ಮೀಯರೇ,

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಆದರೆ ಪಕ್ಕದ ಕೋಣೆಯಲ್ಲಿ ಮಗಳು ಖಿಮ್ ಅನ್ನುವ ಥಾಯ್ ತಂತಿವಾದ್ಯ ನುಡಿಸುತ್ತಿದ್ದಾಳೆ, ಮನಸ್ಸೆಲ್ಲಾ ಅಲ್ಲೇ ಇದೆ. ಅದನ್ನೇ ಬರೆಯುತ್ತೇನೆ.

ಬ್ಯಾಂಕಾಕ್‌ನಲ್ಲಿರುವ ನಮಗೆ ಈ ಸದ್ದು ಹೊಸದಲ್ಲ, ಅಲ್ವಾ? ಹತ್ತಿರದಿಂದ ನೋಡಿದವರು ಮಾತ್ರ ಕಡಿಮೆ. ನೆಲದ ಮೇಲಿಡುವ ಅಗಲವಾದ ಪೆಟ್ಟಿಗೆ. ಅದರ ಮೇಲೆ 14 ಸಾಲು, ಸಾಲಿಗೆ 3ರಂತೆ 42 ಹಿತ್ತಾಳೆ ತಂತಿ. ಎರಡು ಬಿದಿರು ಕಡ್ಡಿಗಳಿಂದ ಬಡಿದು ನುಡಿಸುತ್ತಾರೆ. ಕಡ್ಡಿ ಎಷ್ಟು ತೆಳು ಅಂದರೆ ತಂತಿಗೆ ತಾಗಿದಾಗ ಅದು ಬಾಗುವುದು ಕಣ್ಣಿಗೆ ಕಾಣುತ್ತದೆ. ತುದಿಗೆ ಚರ್ಮದ ಚೂರು ಅಂಟಿಸಿರುವುದರಿಂದ ನಾದ ಸಂತೂರಿಗಿಂತ ಮೆತ್ತಗೆ.

ಶಾಲೆಯಲ್ಲಿ ಅವಳು ಇದನ್ನು ಕಲಿಯಲು ಶುರುಮಾಡಿ ಎರಡು ವರ್ಷ. ಗುರುಗಳಿಗೆ ಇಲ್ಲಿ ಖ್ರೂ ಅನ್ನುತ್ತಾರೆ, ನಮ್ಮ ಗುರು ಪದವೇ. ಗುರುವಂದನೆ ನಡೆಯುವುದೂ ಗುರುವಾರವೇ. ಮೊದಲ ವರ್ಷ ಆ ದಿನಕ್ಕೆ ಗರಿಕೆ, ಕೇಪಳ, ಬದನೆ ಹೂ ತನ್ನಿ ಅಂತ ಚೀಟಿ ಬಂದಾಗ ನಾನು ಚೀಟಿ ಹಿಡಿದುಕೊಂಡು ಸುಮ್ನೆ ನಿಂತಿದ್ದೆ.

ಕಳೆದ ವಾರ ಸಂಗೀತ ಪಾಠದ ಲಂಬೋದರ ಲಕುಮಿಕರವನ್ನು ಖಿಮ್ ಮೇಲೆ ನುಡಿಸಲು ನೋಡಿದಳು. ಕೂರಲಿಲ್ಲ, ಆ ಹಾಡಿನ ಮಲಹರಿ ರಾಗದ ರಿ ಸ್ವರ ಅಲ್ಲಿ ಸಿಗುವುದೇ ಇಲ್ಲ. ಮೋಹನ ರಾಗದ ವರವೀಣಾ ಶುರುಮಾಡಿದಳು. ಐದೇ ಸ್ವರ, ಥಾಯ್ ಹಾಡುಗಳಲ್ಲೂ ಆ ನಡೆ ಜಾಸ್ತಿ, ಚೆನ್ನಾಗಿಯೇ ಬಂತು. ಒಂದು ಕಡೆ ತಡೆದಳು. "ಅಮ್ಮಾ, ಇಲ್ಲಿನ ಗ ನಮ್ಮನೆ ಗ ಅಲ್ಲ" ಅಂದಳು.

ಅವಳು ಹೇಳಿದ್ದು ಸರಿ. ಹಳೆಯ ಥಾಯ್ ಪದ್ಧತಿಯಲ್ಲಿ ಒಂದು ಸ್ಥಾಯಿಯನ್ನು, ಅಂದರೆ ಸ ದಿಂದ ಮೇಲಿನ ಸ ವರೆಗಿನ ಅಂತರವನ್ನು, 7 ಸಮ ಪಾಲು ಮಾಡುತ್ತಾರೆ. ಅವಳ ಗುರುಗಳು ಶ್ರುತಿ ಮಾಡಿಕೊಟ್ಟಿರುವುದು ಹಾಗೆಯೇ. ಆ ಗ ನಮ್ಮ ಎರಡು ಗಾಂಧಾರಗಳ ನಡುವೆ ಎಲ್ಲೋ ಬೀಳುತ್ತದೆ.

ಆ ಮಾತು ಕೇಳಿದ್ದೇ ನನಗೆ ತಾತನ ಪಿಟೀಲು ಕಣ್ಣಮುಂದೆ ಬಂತು. ನಮ್ಮದು ತಿರುಮಕೂಡಲು. ಕಾವೇರಿ ಕಪಿಲೆ ಸೇರುವ ಊರು, ಪಿಟೀಲು ಚೌಡಯ್ಯನವರ ಊರು. ಬೇಸಿಗೆಯಲ್ಲಿ ಪಿಟೀಲಿನ ತಂತಿ ಬಿಗಿಯುವ ಬಿರಡೆ ಜಾರುತ್ತಿತ್ತು. ತಾತ ನನ್ನ ಸ್ಲೇಟಿನ ಪಕ್ಕದಿಂದ ಬಳಪದ ಚೂರು ತೆಗೆದುಕೊಂಡು, ಬಿರಡೆ ಕಿತ್ತು, ಅದಕ್ಕೆ ಉಜ್ಜಿ, ಮತ್ತೆ ತೂರಿಸಿ, ಕಿವಿ ಹತ್ತಿರ ಹಿಡಿದು ತಂತಿ ಮೀಟುತ್ತಿದ್ದರು. ಅಜ್ಜಿ ಒಳಗಿನಿಂದ "ಇನ್ನೂ ಸ್ವಲ್ಪ ಏರಿಸಿ" ಅನ್ನುತ್ತಿದ್ದರು. ಅಜ್ಜಿಗೆ ನುಡಿಸಲು ಬರುತ್ತಿರಲಿಲ್ಲ, ಕಿವಿ ಮಾತ್ರ ತಾತನಿಗಿಂತ ಚುರುಕು. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ಚೌಡಯ್ಯನವರು 7 ತಂತಿಯ ಪಿಟೀಲು ಮಾಡಿಕೊಂಡ ಕಥೆಯನ್ನು ತಾತ ಎಷ್ಟು ಸಲ ಹೇಳಿದ್ದಾರೋ. ಯೂರೋಪಿನವರ ವಾದ್ಯ ಅನ್ನುವ ಮಾತು ಆ ಕಥೆಯಲ್ಲಿ ಒಮ್ಮೆಯೂ ಬರಲಿಲ್ಲ. ಅದು ನನಗೆ ಗೊತ್ತಾಗಿದ್ದು ಹೈಸ್ಕೂಲಿನಲ್ಲಿ, ಆಗಲೂ ನಾನು ನಂಬಲಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. ರಾಜ್ಯೋತ್ಸವದಲ್ಲಿ ಖಿಮ್ ನುಡಿಸುತ್ತೇನೆ ಅಂತ ಮಗಳು ಕೇಳಿದಾಗ ಸಭೆಯಲ್ಲಿ ಒಬ್ಬ ಹಿರಿಯರು "ಅದು ನಮ್ಮದಲ್ಲವಲ್ಲಮ್ಮ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ಖಿಮ್ ಥಾಯ್‌ನವರದ್ದೂ ಆಗಿರಲಿಲ್ಲ. ಚೀನಾದಿಂದ ಬಂದವರ ಜೊತೆ ಬಂದ ವಾದ್ಯ ಅದು. ಚೀನಾದಲ್ಲಿ ಅದರ ಹೆಸರು ಯಾಂಗ್‌ಚಿನ್, ಹಳೆಯ ಅರ್ಥ ಹೊರದೇಶದ ವಾದ್ಯ ಅಂತ! ಈಗ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಮೂರೂ ಕಡೆ ಅದು ಮನೆಯದು. ಮಕ್ಕಳು ನುಡಿಸಲಿ. ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ಕನ್ನಡ ತರಗತಿಯನ್ನು ಆರು ವರ್ಷ ನಡೆಸಿದ ದಂಪತಿ ಈ ತಿಂಗಳು ಕಾಂಬೋಡಿಯಾದ ನಾಮ್ ಪೆನ್‌ಗೆ ಹೊರಟಿದ್ದಾರೆ. ಅಲ್ಲೂ ಈ ವಾದ್ಯದ ಹೆಸರು ಖಿಮ್ ಅಂತಲೇ. 1975ರಿಂದ 79ರವರೆಗೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಆ ದೇಶ ತುಂಬಾ ಕಲಾವಿದರನ್ನು ಕಳೆದುಕೊಂಡಿತು. ಉಳಿದ ಕೆಲವೇ ಹಿರಿಯರ ಮುಂದೆ ಕೂತು ಮಕ್ಕಳು ಮತ್ತೆ ಕಲಿತರು. ಟೀಚರ್, ಅಲ್ಲಿ ಖಿಮ್ ಸದ್ದು ಕಿವಿಗೆ ಬಿದ್ದರೆ ನಮ್ಮನ್ನು ನೆನೆಸಿಕೊಳ್ಳಿ.

ಈಗ ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಭಾನುವಾರ, ಬೆಳಿಗ್ಗೆ 10ಕ್ಕೆ ಧ್ವಜಾರೋಹಣ, ದಯವಿಟ್ಟು 10 ಅಂದರೆ 10. ಬಿಸಿಬೇಳೆಬಾತ್ ಸಂಘದಿಂದ, ಕೋಸಂಬರಿ ಮತ್ತು ಸಿಹಿ ಮನೆಗಳಿಂದ. ಹೆಸರು ಗುರುವಾರದೊಳಗೆ ಕೊಡಿ. ಲೋಯ್ ಕ್ರಥೋಂಗ್ ಹಬ್ಬದ ದಿನ ನೀರಿನಲ್ಲಿ ದೀಪ ಬಿಡಲು ಎಲ್ಲರೂ ಒಟ್ಟಿಗೆ ಹೋಗೋಣ. ವಾರ್ಷಿಕ ಚಂದಾ ಬಾಕಿ ಇರುವವರು ಖಜಾಂಚಿಗೆ ಮುಟ್ಟಿಸಿ. ಕನ್ನಡ ತರಗತಿಗೆ ಟೀಚರ್ ಬೇಕು. ತಿಂಗಳಿಗೆ ಎರಡು ಶನಿವಾರ ಸಾಕು, ಒಂಬತ್ತು ಮಕ್ಕಳಿದ್ದಾರೆ, ನಿಲ್ಲಿಸಲು ನನಗೆ ಮನಸ್ಸಿಲ್ಲ. ಈ ಪತ್ರಿಕೆಯ ಪುಟ ಕಟ್ಟಲೂ ಯಾರಾದರೂ ಕೈ ಜೋಡಿಸಿ. ಮೂರು ಸಂಚಿಕೆಯಿಂದ ಒಬ್ಬಳೇ ಮಾಡುತ್ತಿದ್ದೇನೆ, ನಿಜವಾಗಿಯೂ ಸುಸ್ತಾಗಿದೆ.

ಈಗ ರಾತ್ರಿ ಹನ್ನೊಂದೂವರೆ. ಗುರುಗಳನ್ನು ಕೇಳಿಕೊಂಡು, ಮಗಳು ಶ್ರುತಿ ಮಾಡುವ ಕೀಲಿ ಹಿಡಿದು ಗ ತಂತಿಗಳನ್ನು ಏರಿಸುತ್ತಿದ್ದಾಳೆ. ಮೂರರಲ್ಲಿ ಎರಡು ಸೇರಿವೆ. ಭಾನುವಾರ ಖಿಮ್ ತರಲು ಕಾರಿನಲ್ಲಿ ಜಾಗ ಇರುವವರು ತಿಳಿಸಿ, ರೈಲಿನಲ್ಲಿ ತಂದರೆ ಶ್ರುತಿ ಕೆಡುತ್ತದೆ.

ನಿಮ್ಮ
ಸಂಪಾದಕಿ