ಶ್ವಾಸಕೋಶದ ಪೊರೆಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಉಸಿರಾಟದ ಕುರಿತ ಆರೋಗ್ಯ ಲೇಖನಗಳಲ್ಲಿ ಶ್ವಾಸನಾಳ, ವಾಯುಕೋಶಗಳ ವಿವರಣೆ ಸಾಕಷ್ಟಿರುತ್ತದೆ. ಆದರೆ ಶ್ವಾಸಕೋಶಗಳನ್ನು ಆವರಿಸಿರುವ ಪ್ಲೂರಾ ಎಂಬ ಎರಡು ಪದರಗಳ ತೆಳುಪೊರೆಯ ಪ್ರಸ್ತಾಪ ಒಂದೇ ಸಾಲಿನಲ್ಲಿ ಮುಗಿದುಹೋಗುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಬಲ ಶ್ವಾಸಕೋಶಕ್ಕೆ 3 ಹಾಲೆಗಳು (ವಿಭಾಗಗಳು), ಹೃದಯಕ್ಕೆ ಎಡೆಗೊಟ್ಟ ಎಡ ಶ್ವಾಸಕೋಶಕ್ಕೆ 2 ಎಂಬುದನ್ನು ಹಲವರು ಬಲ್ಲರು. ಆದರೆ ತನ್ನನ್ನು ತಾನೇ ಹಿಗ್ಗಿಸಿಕೊಳ್ಳಬಲ್ಲ ಸ್ನಾಯುಗಳು ಶ್ವಾಸಕೋಶಕ್ಕಿಲ್ಲ, ಅದು ಹಿಗ್ಗಲು ಈ ಪೊರೆಗಳ ನೆರವು ಬೇಕು ಎಂಬುದನ್ನು ಲೇಖನಗಳು ಹೇಳುವುದು ಕಡಿಮೆ.

ಪ್ಲೂರಾದ ಒಳಪದರವು ಹಾಲೆಗಳ ನಡುವಿನ ಸೀಳುಗಳಿಗೂ ಇಳಿದು ಶ್ವಾಸಕೋಶದ ಮೈಗೆ ಅಂಟಿಕೊಂಡಿದ್ದರೆ, ಹೊರಪದರವು ಎದೆಗೂಡಿನ ಒಳಮೈ ಹಾಗೂ ವಪೆಯ (ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ) ಮೇಲೆ ಹಾಸಿಕೊಂಡಿರುತ್ತದೆ. ಇವೆರಡರ ನಡುವಿನ ಕಿರಿದಾದ ಎಡೆಯಲ್ಲಿ ಕೆಲವೇ ಮಿಲಿಲೀಟರ್ ದ್ರವವಿದ್ದು, ಅಲ್ಲಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆಯಿರುವುದರಿಂದ, ನಡುವೆ ನೀರು ಸವರಿದ ಎರಡು ಗಾಜುಗಳಂತೆ ಈ ಪದರಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ಬೇರ್ಪಡುವುದಿಲ್ಲ. ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ ಶ್ವಾಸಕೋಶವೂ ಹಿಗ್ಗುವುದು ಈ ಹಿಡಿತದಿಂದಲೇ. ಆ ಎಡೆಗೆ ಗಾಳಿ ನುಗ್ಗಿದರೆ ಶ್ವಾಸಕೋಶ ಕುಸಿಯುತ್ತದೆ.

ನೋವಿನ ವಿಚಾರವೂ ಮುಖ್ಯ. ಒಳಪದರಕ್ಕೆ ನೋವಿನ ಅರಿವಿಲ್ಲ. ಹೊರಪದರಕ್ಕೆ ಅದು ತೀವ್ರವಾಗಿಯೇ ಇದೆ. ಈ ಹೊರಪದರವು ಉರಿಯೂತಕ್ಕೆ ಒಳಗಾದಾಗ ದೀರ್ಘವಾಗಿ ಉಸಿರೆಳೆದರೆ, ಕೆಮ್ಮಿದರೆ ಎದೆಯಲ್ಲಿ ಚುಚ್ಚಿದಂತಾಗುತ್ತದೆ. ವಪೆಯ ಮಧ್ಯಭಾಗವನ್ನು ಹೊದ್ದಿರುವ ಪೊರೆ ಕೆರಳಿದರೆ, ಕುತ್ತಿಗೆಯಿಂದ ಇಳಿದುಬರುವ ವಪೆಯ ನರದ ಮೂಲಕ, ನೋವು ಭುಜದಲ್ಲಿ ಕಾಣಿಸಿಕೊಳ್ಳಬಹುದು. ಭುಜದ ನೋವೆಲ್ಲ ಕೀಲಿನದೇ ಎಂದು ಭಾವಿಸುವವರಿಗೆ ಇದು ತಿಳಿದಿರಬೇಕು.

ಆದ್ದರಿಂದ ಪತ್ರಿಕೆಯ ಆರೋಗ್ಯ ಪುಟದಲ್ಲಿ, ಎದೆಯ ಅಡ್ಡಸೀಳಿನ ಸ್ಪಷ್ಟ ಚಿತ್ರದೊಂದಿಗೆ, ತಜ್ಞ ವೈದ್ಯರಿಂದ ಈ ಪೊರೆಗಳ ಬಗ್ಗೆಯೇ ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ